ನಿಮಗಿದು ಗೊತ್ತೆ? ಸೋಂಕನ್ನೂ ಮೀರಿಸುವ ಲಸಿಕೆ

ದಡಾರ ಒಮ್ಮೆ ಬಂದು ಹೋದರೆ ಮತ್ತೆ ಬಾರದು ಎನ್ನುತ್ತಾರೆ. ಬಹುಮಟ್ಟಿಗೆ ನಿಜ. ಡೆನ್ಮಾರ್ಕ್ ಆಳ್ವಿಕೆಯ ಫೆರೋ ದ್ವೀಪಗಳಲ್ಲಿ 1846ರಲ್ಲಿ ದಡಾರ ಹಬ್ಬಿದಾಗ, 1781ರಲ್ಲಿ ಅದು ಬಂದು ಹೋಗಿದ್ದ ವೃದ್ಧರಿಗೆ ತಗಲಲಿಲ್ಲ. 65 ವರ್ಷಗಳ ರಕ್ಷಣೆ! ಇದನ್ನು ದಾಖಲಿಸಿದವನು ಪೀಟರ್ ಪಾನುಮ್ ಎಂಬ ತರುಣ ವೈದ್ಯ. ಆದರೆ ಈ ರಕ್ಷಣೆ ಪುಕ್ಕಟೆಯಲ್ಲ. ದಡಾರ ಬಂದ ಮಕ್ಕಳು ಬೇರೆ ರೋಗಗಳ ವಿರುದ್ಧ ಗಳಿಸಿದ್ದ ಪ್ರತಿಕಾಯಗಳಲ್ಲಿ ಶೇ 11ರಿಂದ 73ರಷ್ಟು ಅಳಿಸಿಹೋಗಿದ್ದು 2019ರ ಅಧ್ಯಯನವೊಂದರಲ್ಲಿ ಕಂಡುಬಂತು. ಲಸಿಕೆಯಿಂದ ಇಂಥ ನಷ್ಟವಿಲ್ಲ.

ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿಯದು ಇನ್ನೂ ವಿಚಿತ್ರ. ಈ ವೈರಸ್ ರಕ್ತಕ್ಕೆ ಇಳಿಯದೆ ಮೇಲ್ಪದರದಲ್ಲೇ ಸದ್ದಿಲ್ಲದೆ ಠಿಕಾಣಿ ಹೂಡುತ್ತದೆ. ಹಾಗಾಗಿ ಸೋಂಕು ತಗಲಿದ ಎಷ್ಟೋ ಮಂದಿಯಲ್ಲಿ ಪ್ರತಿಕಾಯ ಹುಟ್ಟುವುದೇ ಇಲ್ಲ, ಹುಟ್ಟಿದರೂ ಅಷ್ಟಕ್ಕಷ್ಟೇ. ಲಸಿಕೆಯಲ್ಲಿರುವುದು ವೈರಸ್ಸಿನ ಹೊರಕವಚವನ್ನು ಹೋಲುವ ಪ್ರೋಟೀನ್ ಕಣಗಳು ಮಾತ್ರ. ಒಳಗೆ ವಂಶವಾಹಿ ಇಲ್ಲ, ರೋಗ ತರುವ ಮಾತೇ ಇಲ್ಲ. ತೋಳಿಗೆ ಚುಚ್ಚಿದ ಈ ಕಣಗಳು ದುಗ್ಧಗ್ರಂಥಿಗಳನ್ನು ತಲುಪಿ, ಸಹಜ ಸೋಂಕಿಗಿಂತ ಎಷ್ಟೋ ಪಟ್ಟು ಹೆಚ್ಚು ಪ್ರತಿಕಾಯ ಹುಟ್ಟಿಸುತ್ತವೆ. 9ರಿಂದ 14ರ ವಯಸ್ಸಿನಲ್ಲಿ ಹಾಕಿಸಿದರೆ ಫಲ ಇನ್ನೂ ಹೆಚ್ಚು. ಮನೆಯಲ್ಲಿ ಆ ವಯಸ್ಸಿನ ಮಗಳಿದ್ದರೆ ವೈದ್ಯರನ್ನೊಮ್ಮೆ ಕೇಳಿ.