ಕಳವು ಗೊತ್ತಿದ್ದೂ ಠಾಣೆಗೆ ಹೋಗದ ಮಾಲೀಕರು

ಸಗಟು ಅಂಗಡಿಯ ವಸೂಲಿಯವನು ಒಬ್ಬ ಗಿರಾಕಿ ಕೊಟ್ಟ ಹಣ ಜೇಬಿಗಿಳಿಸುತ್ತಾನೆ. ಮುಂದಿನ ವಾರ ಇನ್ನೊಬ್ಬರು ಕೊಟ್ಟದ್ದನ್ನು ಮೊದಲಿನವರ ಖಾತೆಗೆ ಜಮಾ ತೋರಿಸುತ್ತಾನೆ. ಬಾಕಿ ಪಟ್ಟಿ ಸರಿಯಾಗಿಯೇ ಕಾಣುತ್ತದೆ. ಅವನು ಜ್ವರ ಬಂದು ಮಲಗಿದಾಗ ಬೇರೆ ಹುಡುಗ ವಸೂಲಿಗೆ ಹೋದರೆ, "ಆವತ್ತೇ ಕೊಟ್ಟೆನಲ್ಲಪ್ಪ" ಎಂಬ ಮಾತು ಬರುತ್ತದೆ. ಬ್ಯಾಂಕುಗಳ ಸೂಕ್ಷ್ಮ ಹುದ್ದೆಯವರಿಗೆ ವರ್ಷಕ್ಕೊಮ್ಮೆ ಮುನ್ಸೂಚನೆಯಿಲ್ಲದೆ ಕನಿಷ್ಠ 10 ಕೆಲಸದ ದಿನಗಳ ಕಡ್ಡಾಯ ರಜೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿರುವುದು ಇದಕ್ಕೇ.

ಸಿಕ್ಕಿಬಿದ್ದ ಮೇಲೆ? ಊರಿಂದ ಅಪ್ಪನನ್ನೋ ಭಾವನನ್ನೋ ಕರೆಸುತ್ತಾರೆ. ಛಾಪಾ ಕಾಗದದಲ್ಲಿ ಬರೆಸಿಕೊಂಡು, ಬಂದಷ್ಟು ವಸೂಲು ಮಾಡಿ, ರಾಜೀನಾಮೆ ಪಡೆದು ಕಳಿಸುತ್ತಾರೆ.

ಕಾನೂನೇನೂ ಮೆತ್ತಗಿಲ್ಲ. ಭಾರತೀಯ ನ್ಯಾಯ ಸಂಹಿತೆಯ 316ನೇ ಸೆಕ್ಷನ್ನಿನಲ್ಲಿ ನಂಬಿಕೆದ್ರೋಹ ಮಾಡಿದ ಗುಮಾಸ್ತನಿಗೆ, ನೌಕರನಿಗೆ 7 ವರ್ಷದವರೆಗೆ ಜೈಲುಂಟು. ಆದರೆ ಠಾಣೆಯಲ್ಲಿ ಮೊದಲು ಕೇಳಿಬರುವ ಮಾತು "ಇದು ಸಿವಿಲ್ ವ್ಯವಹಾರ ಅಲ್ವಾ?". ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧದ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು ಎಂದು 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರೂ, ವಾಣಿಜ್ಯ ವ್ಯವಹಾರದ ದೂರುಗಳಲ್ಲಿ ಪ್ರಾಥಮಿಕ ವಿಚಾರಣೆಗೆ ಅವಕಾಶ ಉಳಿಸಿದೆ. ಆಮೇಲೆ ವರ್ಷಗಟ್ಟಲೆ ಕೋರ್ಟಿನ ಅಲೆದಾಟ. ವ್ಯಾಪಾರ ಬಿಟ್ಟು ಸಾಕ್ಷಿ ಹೇಳಲು ಯಾರು ಹೋಗುತ್ತಾರೆ?

ಹೆಸರು ಕೆಟ್ಟೀತೆಂಬ ಅಂಜಿಕೆಯೂ ಸುಳ್ಳಲ್ಲ. ಸಾಲದ ಮೇಲೆ ಮಾಲು ಕೊಡುವವರು ಮರುದಿನವೇ ಕೈ ಬಿಗಿ ಹಿಡಿಯುತ್ತಾರೆ. ಆದರೆ ಬಾಯಿ ಕಟ್ಟಿಹಾಕುವ ದೊಡ್ಡ ಕಾರಣ ಹಲವು ಕಡೆ ಲೆಕ್ಕದ ಪುಸ್ತಕದಲ್ಲೇ ಇರುತ್ತದೆ. ಕದ್ದವನಿಗೆ ಬಿಲ್ಲಿಲ್ಲದ ವ್ಯಾಪಾರವೆಲ್ಲ ಗೊತ್ತು. ಪೊಲೀಸರು ಕಂಪ್ಯೂಟರ್ ಒಯ್ದರೆ ಎರಡನೇ ಲೆಕ್ಕವೂ ಜೊತೆಗೇ ಹೋಗುತ್ತದೆ.

ಕಂಪನಿಗಳಲ್ಲೂ ಬಾಗಿಲು ಮುಚ್ಚುವುದು ಸುಲಭ. ನೌಕರರ ವಂಚನೆ 1 ಕೋಟಿ ರೂಪಾಯಿ ಮುಟ್ಟಿದರೆ ಮಾತ್ರ ಲೆಕ್ಕಪರಿಶೋಧಕರು ಕೇಂದ್ರ ಸರ್ಕಾರಕ್ಕೆ ವರದಿ ಮಾಡಬೇಕು. ಅದಕ್ಕಿಂತ ಕಡಿಮೆಯದನ್ನು ಆಡಿಟ್ ಸಮಿತಿಗೋ ಆಡಳಿತ ಮಂಡಳಿಗೋ ತಿಳಿಸಿದರೆ ಸಾಕು.

ನಷ್ಟ ನುಂಗಿಕೊಳ್ಳುವುದು ಮಾಲೀಕರ ಇಷ್ಟ ಎನ್ನೋಣ. ಆದರೆ "ಪ್ರಾಮಾಣಿಕವಾಗಿ ದುಡಿದಿದ್ದಾರೆ" ಎಂದು ಅನುಭವ ಪತ್ರ ಬರೆದುಕೊಡುವುದನ್ನು ನಾನು ಒಪ್ಪಲಾರೆ. ಆ ಪತ್ರ ನಂಬಿ ಇನ್ನೊಬ್ಬರು ಅವನ ಕೈಗೆ ಗಲ್ಲಾದ ಕೀಲಿ ಕೊಡುತ್ತಾರೆ. ಒಂದು ಮೂಟೆ ಅಕ್ಕಿ ಕದ್ದ ಹಮಾಲಿಯನ್ನು ಅದೇ ಸಂಜೆ ಠಾಣೆಗೆ ಎಳೆದೊಯ್ಯುವ ಅಂಗಡಿ, ಲಕ್ಷಗಟ್ಟಲೆ ತಿಂದ ಮ್ಯಾನೇಜರನ್ನು ಪತ್ರ ಕೊಟ್ಟು ಕಳಿಸುತ್ತದೆ. ಇದನ್ನು ಉಳಿದ ನೌಕರರೆಲ್ಲ ನೋಡುತ್ತಿರುತ್ತಾರೆ.