ಉಪ್ಪು ಸಕ್ಕರೆ ಜೊತೆಯಾದರೆ ತೆರೆಯುವ ಬಾಗಿಲು

ವಾಂತಿಭೇದಿಯಾದ ಮಗುವಿಗೆ ನೀರು ಕುಡಿಸಿದರೆ ಭೇದಿ ಇನ್ನೂ ಹೆಚ್ಚುತ್ತದೆ ಎನ್ನುವ ಹಿರಿಯರು ನಮ್ಮ ಊರುಗಳಲ್ಲಿ ಇಂದಿಗೂ ಇದ್ದಾರೆ. ಆ ಮಾತು ಕೇಳಿ ನೀರು ನಿಲ್ಲಿಸಬೇಡಿ. ಭೇದಿಯಿಂದ ಜೀವಕ್ಕೆ ಅಪಾಯ ಬರುವುದು ಬಹುಪಾಲು ದೇಹದ ನೀರು ಮತ್ತು ಲವಣ ಬರಿದಾಗುವುದರಿಂದ. ಹಾಗೆಂದು ಬರೀ ನೀರು ಕುಡಿಸಿದರೂ ಸಾಲದು. ಓ.ಆರ್.ಎಸ್. ಪುಡಿಯನ್ನೇ ಏಕೆ ಕೊಡಬೇಕು, ಅದನ್ನು ಅಳತೆ ತಪ್ಪದೆ ಏಕೆ ಕಲಸಬೇಕು ಎಂಬುದಕ್ಕೆ ಉತ್ತರ ನಮ್ಮ ಕರುಳಿನಲ್ಲಿಯೇ ಇದೆ.

ಕೋಶಪೊರೆ ಎಂದರೇನು?

ನಮ್ಮ ದೇಹವು ಲೆಕ್ಕವಿಲ್ಲದಷ್ಟು ಜೀವಕೋಶಗಳಿಂದ ಆಗಿದೆ. ಪ್ರತಿ ಜೀವಕೋಶದ ಸುತ್ತ ತೆಳುವಾದ ಪೊರೆಯೊಂದಿದೆ. ಇದು ಮುಖ್ಯವಾಗಿ ಕೊಬ್ಬಿನಿಂದ ಆದದ್ದು. ಉಪ್ಪು, ಸಕ್ಕರೆ ಎಣ್ಣೆಯಲ್ಲಿ ಕರಗುವುದಿಲ್ಲವೆಂಬುದು ಅಡುಗೆ ಮಾಡುವವರಿಗೆಲ್ಲ ಗೊತ್ತು. ಹಾಗೆಯೇ ಈ ಪೊರೆಯನ್ನೂ ಅವು ತಾವಾಗಿ ದಾಟಲಾರವು. ಅವನ್ನು ದಾಟಿಸುವುದಕ್ಕೆಂದೇ ಪೊರೆಯಲ್ಲಿ ಬಗೆಬಗೆಯ ಪ್ರೋಟೀನ್‌ಗಳಿವೆ. ಕೆಲವು ತೆರೆದು ಮುಚ್ಚುವ ಕಿಂಡಿಯಂತೆ, ಕೆಲವು ವಸ್ತುವನ್ನು ಹಿಡಿದು ಒಳಕ್ಕೆ ಬಿಡುವ ಬಾಗಿಲಿನಂತೆ, ಇನ್ನು ಕೆಲವು ಶಕ್ತಿ ವ್ಯಯಿಸಿ ಎತ್ತಿಹಾಕುವ ಪಂಪಿನಂತೆ ಕೆಲಸ ಮಾಡುತ್ತವೆ.

ಕರುಳಿನಲ್ಲಿ ನಡೆಯುವುದೇನು?

ಸಣ್ಣ ಕರುಳಿನ ಕೋಶಗಳಲ್ಲಿ ಒಂದು ವಿಶೇಷ ಬಾಗಿಲಿದೆ. ಉಪ್ಪಿನಲ್ಲಿರುವ ಸೋಡಿಯಂ ಮತ್ತು ಸಕ್ಕರೆಯಿಂದ ಬರುವ ಗ್ಲೂಕೋಸ್ ಎರಡನ್ನೂ ಅದು ಜೊತೆಯಾಗಿಯೇ ಒಳಗೆ ಬಿಟ್ಟುಕೊಳ್ಳುತ್ತದೆ. ಒಂದು ಗ್ಲೂಕೋಸ್ ಕಣದೊಂದಿಗೆ ಎರಡು ಸೋಡಿಯಂ ಕಣಗಳು ಒಳಸೇರುತ್ತವೆ. ಕೋಶದ ಇನ್ನೊಂದು ಪಕ್ಕದಲ್ಲಿರುವ ಪಂಪು ಆ ಸೋಡಿಯಂ ಅನ್ನು ರಕ್ತದ ಕಡೆಗೆ ತಳ್ಳುತ್ತಿರುತ್ತದೆ. ಇದರಿಂದ ಕೋಶದೊಳಗೆ ಸೋಡಿಯಂ ಸದಾ ಕಡಿಮೆಯಿದ್ದು, ಬಾಗಿಲು ಮತ್ತೆ ಮತ್ತೆ ಹೊಸ ಸೋಡಿಯಂ ಅನ್ನು ಎಳೆದುಕೊಳ್ಳುತ್ತದೆ. ಉಪ್ಪು ಸಕ್ಕರೆ ಹೋದ ಕಡೆಗೆ ನೀರು ಹಿಂಬಾಲಿಸುತ್ತದೆ. ಈ ಜೋಡಿ ಸಾಗಣೆಯ ವಿಚಾರವನ್ನು 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಮೊದಲು ಮಂಡಿಸಿದರು.

ಕಾಲರಾ ರೋಗಾಣುವಿನ ವಿಷವು ಇದೇ ಕರುಳಿನ ಕೋಶಗಳಲ್ಲಿರುವ ಕ್ಲೋರೈಡ್ ಕಿಂಡಿಯನ್ನು ತೆರೆದೇ ಇರುವಂತೆ ಮಾಡುತ್ತದೆ. ಲವಣ ಹೊರಕ್ಕೆ ಸುರಿಯುತ್ತದೆ, ಅದರ ಹಿಂದೆ ನೀರೂ ಹೋಗುತ್ತದೆ. ರೋಗ ತೀವ್ರವಾದರೆ ದೊಡ್ಡವರಲ್ಲಿಯೂ ಗಂಟೆಗೆ ಒಂದು ಲೀಟರಿನವರೆಗೆ ನೀರು ನಷ್ಟವಾಗಬಹುದು. ಆದರೆ ಉಪ್ಪು ಸಕ್ಕರೆಯ ಜೋಡಿ ಬಾಗಿಲನ್ನು ಆ ವಿಷ ಕೆಡಿಸುವುದಿಲ್ಲ. ಓ.ಆರ್.ಎಸ್. ಆ ಬಾಗಿಲಿನಿಂದಲೇ ನೀರನ್ನು ದೇಹಕ್ಕೆ ಮರಳಿಸುತ್ತದೆ. ಅದು ಭೇದಿಯನ್ನು ತಕ್ಷಣ ನಿಲ್ಲಿಸುವ ಔಷಧಿಯಲ್ಲ. ಭೇದಿ ನಿಲ್ಲುವವರೆಗೆ ಜೀವ ಉಳಿಸುವ ಔಷಧಿ.

ಬಂಧುಗಳೇ ಉಳಿಸಿದ ಜೀವಗಳು

1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಹಾಕುವ ಬಾಟಲಿಗಳು ಮುಗಿಯುತ್ತ ಬಂದವು. ಆಗ ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು ಮತ್ತು ಗ್ಲೂಕೋಸ್ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ರೋಗಿಗಳ ತಾಯಂದಿರು, ಬಂಧುಗಳೇ ಅದನ್ನು ಲೋಟಗಳಲ್ಲಿ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಘೋಷಣೆಯಾಯಿತು.

ವಾಂತಿಭೇದಿ ಹಳೆಯ ಕಾಲದ ರೋಗವೆಂದು ಅಲಕ್ಷ್ಯ ಮಾಡಬೇಡಿ. ನಮ್ಮ ನೆರೆಯ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ 2024ರ ಮೇ ತಿಂಗಳಲ್ಲಿ ವಾಂತಿಭೇದಿಯಿಂದ ಹಲವರು ಆಸ್ಪತ್ರೆ ಸೇರಿದರು. ಒಬ್ಬ ಯುವಕ ತೀರಿಕೊಂಡ.

ಮನೆಯಲ್ಲಿ ತಯಾರಿಸುವ ಕ್ರಮ

* ಪೊಟ್ಟಣದ ಮೇಲೆ ಬರೆದಷ್ಟೇ ನೀರು ಬಳಸಿ. ದೊಡ್ಡ ಪೊಟ್ಟಣಕ್ಕೆ ಕುದಿಸಿ ಆರಿಸಿದ ನೀರು 1 ಲೀಟರ್. ಪುಡಿಯನ್ನು ಒಂದೇ ಸಲಕ್ಕೆ ಪೂರ್ತಿ ಕಲಸಿ. ಸ್ವಲ್ಪ ಸ್ವಲ್ಪ ಪುಡಿ ತೆಗೆದು ಲೋಟಕ್ಕೆ ಹಾಕಬೇಡಿ.
* ರುಚಿಗೆಂದು ಸಕ್ಕರೆ ಸೇರಿಸಬೇಡಿ. ಸಕ್ಕರೆ ಹೆಚ್ಚಾದರೆ ಅದು ಕರುಳಿನಲ್ಲೇ ಉಳಿದು ದೇಹದ ನೀರನ್ನು ಕರುಳಿಗೆ ಎಳೆಯುತ್ತದೆ, ಭೇದಿ ಹೆಚ್ಚುತ್ತದೆ. ಕೂಲ್ ಡ್ರಿಂಕ್ಸ್ ಕೊಡಬಾರದೆಂಬುದು ಇದೇ ಕಾರಣಕ್ಕೆ.
* ಕಲಸಿದ ನೀರು 24 ಗಂಟೆ ಕಳೆದರೆ ಚೆಲ್ಲಿ, ಹೊಸದಾಗಿ ಮಾಡಿ.
* ಪ್ರತಿ ಭೇದಿಯ ನಂತರ 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ. ಕೊಡಿ. ವಾಂತಿಯಾದರೆ 10 ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ ಕುಡಿಸಿ.
* ಪೊಟ್ಟಣ ಸಿಗದಿದ್ದರೆ 1 ಲೀಟರ್ ನೀರಿಗೆ ಟೀ ಚಮಚದಲ್ಲಿ 6 ಮಟ್ಟದ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹಾಕಿದ ಅನ್ನದ ಗಂಜಿಯೂ ಆಗುತ್ತದೆ. ಗಂಜಿಯ ಹಿಟ್ಟಿನಂಶ ಕರುಳಿನಲ್ಲಿ ಗ್ಲೂಕೋಸ್ ಆಗುತ್ತದೆ.
* ಎದೆಹಾಲು ನಿಲ್ಲಿಸಬೇಡಿ. ವೈದ್ಯರು ಕೊಟ್ಟ ಜಿಂಕ್ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಪೂರ್ತಿ ಕೊಡಿ.

ತಡಮಾಡದೆ ಆಸ್ಪತ್ರೆಗೆ ಬನ್ನಿ

ಕಣ್ಣು ಗುಳಿಬಿದ್ದರೆ, ಮಗು ಮಂಕಾಗಿ ಕುಡಿಯಲಾರದಂತಾದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ಇಳಿದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ ಮನೆಯಲ್ಲಿ ಕಾಯಬೇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರಿಗೆ ಮೊದಲೇ ತಿಳಿಸಿ.

ಪುಣಜನೂರಿನಂತಹ ಕಾಡಂಚಿನ ಊರುಗಳಿಂದ, ಪೋಡುಗಳಿಂದ ಆಸ್ಪತ್ರೆ ತಲುಪಲು ಹೊತ್ತು ಹಿಡಿಯುತ್ತದೆ. ಆದುದರಿಂದ ಆಶಾ ಕಾರ್ಯಕರ್ತೆಯರಿಂದಲೋ ಆರೋಗ್ಯ ಕೇಂದ್ರದಿಂದಲೋ ಎರಡು ಪೊಟ್ಟಣ ತಂದು ಮನೆಯಲ್ಲಿ ಸದಾ ಇಟ್ಟುಕೊಳ್ಳಿ. 108ಕ್ಕೆ ಕರೆ ಮಾಡಿ ವಾಹನ ಬರುವವರೆಗೂ, ದಾರಿಯುದ್ದಕ್ಕೂ, ಮಗು ಕುಡಿಯುವಷ್ಟು ಹೊತ್ತು ಚಮಚ ಚಮಚವಾಗಿ ಕುಡಿಸುತ್ತಲೇ ಇರಿ.