ಗುಂಡಿ ಒತ್ತಿದ ಮೇಲೆ ಉಳಿಯುವ ಕೆಲಸ

ಮುಂಬಯಿಯ ಹಳೆಯ ಸೊಸೈಟಿಗಳಲ್ಲಿ ಕೊನೆಯ ಮಹಡಿಯ ಫ್ಲ್ಯಾಟ್ ಹಿಡಿದವರು ಗಾಳಿ ಬೆಳಕು ಚೆನ್ನಾಗಿದೆ ಎಂದು ಖುಷಿಪಡುತ್ತಾರೆ. ಫುಲ್ ಆಟೊಮ್ಯಾಟಿಕ್ ವಾಷಿಂಗ್ ಮೆಷಿನ್ ಮನೆಗೆ ಬಂದ ದಿನ ಆ ಖುಷಿಗೆ ಪೆಟ್ಟು ಬೀಳುತ್ತದೆ. ನಲ್ಲಿ ಪೂರ್ತಿ ತಿರುಗಿಸಿದ್ದರೂ ಮೆಷಿನ್ ನೀರಿಲ್ಲವೆಂದು ಕೀಕ್ ಕೀಕ್ ಅನ್ನುತ್ತದೆ. ತಪ್ಪು ಮೆಷಿನ್ನಿನದಲ್ಲ. ಟ್ಯಾಂಕಿನ ನೀರು ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ಟೆರೇಸಿನ ಟ್ಯಾಂಕು 2-3 ಮೀಟರ್ ಮೇಲಷ್ಟೇ ಇದ್ದರೆ 0.2ರಿಂದ 0.3 ಬಾರ್. ಒಳಗಿನ ವಾಲ್ವ್ ಸರಿಯಾಗಿ ನೀರು ಬಿಡಲು ಬಹಳಷ್ಟು ಮೆಷಿನ್ನುಗಳಿಗೆ ಇದು ಸಾಲದು. ಪ್ಲಂಬರನನ್ನು ಕರೆಸಿ ಪುಟ್ಟ ಪಂಪು ಕೂರಿಸಬೇಕು.

ನಗರಕ್ಕೆ ನೀರು ಬರುವುದು 7 ಜಲಾಶಯಗಳಿಂದ. ಅವುಗಳಲ್ಲಿ ವಿಹಾರ್ ಕೆರೆ 1860ರಷ್ಟು ಹಳೆಯದು. ಪಾಲಿಕೆ ಬಹುತೇಕ ಕಡೆ ಗೊತ್ತಾದ ಕೆಲವೇ ತಾಸು ನೀರು ಬಿಡುತ್ತದೆ. ಚಾಳಿನ ಮನೆಗಳಲ್ಲಿ ಆ ಹೊತ್ತಿಗೆ ಡ್ರಮ್ಮು, ಕೊಡ, ಬಕೆಟ್ಟು ಎಲ್ಲ ತುಂಬಿಕೊಳ್ಳಬೇಕು. ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್ ಮೆಷಿನ್ ಅಲ್ಲಿ ಇನ್ನೂ ಬಾಳುತ್ತಿರುವುದಕ್ಕೆ ಇದೇ ಕಾರಣ. ಅದಕ್ಕೆ ಒತ್ತಡ ಬೇಡ, ಬಕೆಟ್ಟಿನಿಂದ ಸುರಿದರೂ ನಡೆಯುತ್ತದೆ. ಶಾಲೆಯ ಯೂನಿಫಾರ್ಮ್ ಒಗೆದ ಸೋಪಿನ ನೀರಿಗೇ ಬಣ್ಣದ ಬಟ್ಟೆ, ಆಮೇಲೆ ಜೀನ್ಸ್, ಕೊನೆಗೆ ಕಾಲೊರೆಸು. ಉಳಿದದ್ದು ಬಚ್ಚಲು ತೊಳೆಯಲು. ಇಷ್ಟು ಲೆಕ್ಕಾಚಾರದ ಬುದ್ಧಿ ಯಾವ ದುಬಾರಿ ಮೆಷಿನ್ನಿಗೂ ಇಲ್ಲ.

ಕೊಳೆ ಬಿಡಿಸುವ ಕೆಲಸ ಅರ್ಧ ರಸಾಯನಶಾಸ್ತ್ರದ್ದು. ಡಿಟರ್ಜೆಂಟಿನ ಅಣುವಿನ ಒಂದು ತುದಿ ನೀರಿಗೆ ಅಂಟುತ್ತದೆ, ಇನ್ನೊಂದು ತುದಿ ಎಣ್ಣೆಗೆ. ಕಾಲರಿನ ಜಿಡ್ಡನ್ನು ಸುತ್ತುವರಿದು ಸಣ್ಣ ಸಣ್ಣ ಉಂಡೆಗಳಾಗಿ ನೀರಿಗೆ ಎಳೆದು ತರುವುದು ಹೀಗೆ. ಬೆವರು, ಹಾಲು, ಸಾರಿನ ಕಲೆಗಳನ್ನು ತುಂಡರಿಸಲು ಕಿಣ್ವಗಳೂ ಪುಡಿಯಲ್ಲಿರುತ್ತವೆ. ಜರ್ಮನಿಯ ಓಟೊ ರೋಮ್ 1910ರ ದಶಕದಲ್ಲಿ ಪ್ರಾಣಿಗಳ ಮೇದೋಜೀರಕದಿಂದ ತೆಗೆದ ಕಿಣ್ವವನ್ನು ಈ ಕೆಲಸಕ್ಕೆ ಹಚ್ಚಿದ್ದ. ಈಗ ಅವನ್ನು ಹೆಚ್ಚಾಗಿ ಸೂಕ್ಷ್ಮಜೀವಿಗಳಿಂದ ಪಡೆಯುತ್ತಾರೆ.

ಉಳಿದರ್ಧ ಕುಕ್ಕುವ ಕೆಲಸ. ಮಹಾಲಕ್ಷ್ಮಿ ಸ್ಟೇಷನ್ ಪಕ್ಕದ ಧೋಬಿ ಘಾಟ್‌ನಲ್ಲಿ 1890ರಿಂದ ನಡೆದುಬಂದಂತೆ ಬಟ್ಟೆಯನ್ನು ಎತ್ತಿ ಕಲ್ಲಿಗೆ ಬಡಿಯುವುದನ್ನೇ ಫ್ರಂಟ್ ಲೋಡ್ ಮೆಷಿನ್ನಿನ ಡ್ರಮ್ಮು ಮೆಲ್ಲಗೆ ಮಾಡುತ್ತದೆ. ಒಳಗಿನ ಏಣುಗಳು ಬಟ್ಟೆಯನ್ನು ಮೇಲೊಯ್ದು ಬೀಳಿಸುತ್ತವೆ. ತಳದಲ್ಲಿ ಒಂದಿಷ್ಟು ನೀರಿದ್ದರೆ ಸಾಕು. ಬಟ್ಟೆಯೆಲ್ಲ ಮುಳುಗಬೇಕಾದ ಟಾಪ್ ಲೋಡ್‌ಗಿಂತ ಇದು ಬಹಳ ಕಡಿಮೆ ನೀರಿನಲ್ಲಿ ಮುಗಿಸುವುದು ಆದ್ದರಿಂದಲೇ.

ಮುಂಬಯಿಗೆ ನಿಜವಾಗಿ ಉಪಕಾರ ಮಾಡುವುದು ಕೊನೆಯ ಹಂತ, ಹಿಂಡುವುದು. 48 ಸೆಂಟಿಮೀಟರ್ ಅಗಲದ ಡ್ರಮ್ಮು ನಿಮಿಷಕ್ಕೆ 1200 ಸುತ್ತು ತಿರುಗಿದಾಗ ಅಂಚಿನಲ್ಲಿರುವ ಬಟ್ಟೆಯ ಮೇಲಿನ ಬಲ ಗುರುತ್ವದ ಸುಮಾರು 390 ಪಟ್ಟು. 50 ಗ್ರಾಂ ತೂಗುವ ಒದ್ದೆ ಕರವಸ್ತ್ರ ಆ ಹೊತ್ತಿಗೆ 19 ಕಿಲೋಗೂ ಮಿಕ್ಕಿದ ಭಾರದಿಂದ ಗೋಡೆಗೆ ಒತ್ತಿರುತ್ತದೆ, ನೀರು ತೂತುಗಳಿಂದ ಹೊರಗೆ ಹಾರುತ್ತದೆ. ಒಂದು ಲೀಟರ್ ನೀರನ್ನು ಬಿಸಿಯಿಂದ ಆವಿ ಮಾಡಲು 0.6 ಯೂನಿಟ್‌ಗಿಂತ ಹೆಚ್ಚು ವಿದ್ಯುತ್ ಬೇಕು. ತಿರುಗಿಸಿ ಹೊರಹಾಕುವುದಕ್ಕೆ ಅದರ ಸಣ್ಣ ಪಾಲು ಸಾಕು.

ಜುಲೈನಲ್ಲಿ ಗಾಳಿಯ ತೇವಾಂಶವೇ ಶೇ. 80 ದಾಟಿರುವಾಗ ಈ ಲೆಕ್ಕಕ್ಕೆ ಬೆಲೆ ಬರುತ್ತದೆ. ಡ್ರೈ ಬಾಲ್ಕನಿಯ ಸರಳುಗಳಲ್ಲಿ ಎರಡು ದಿನ ನೇತಾಡಿದರೂ ಟವೆಲ್ ಒಣಗದು, ಮುಗ್ಗು ವಾಸನೆ ಹಿಡಿಯುತ್ತದೆ. ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಈ ವಾಸನೆಯ ದೊಡ್ಡ ಕಾರಣವೆಂದು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದರು.

ಇಷ್ಟೆಲ್ಲ ಆದಮೇಲೂ ಮೆಷಿನ್ ಮಾಡಿದ್ದು ನಡುವಿನ ಕೆಲಸ ಮಾತ್ರ. ಜೇಬಿನಲ್ಲಿ ಟಿಶ್ಯೂ ಉಳಿದಿದೆಯೇ ನೋಡುವುದು, ಬಣ್ಣ ಬಿಡುವ ಕುರ್ತಾ ಬೇರೆ ಇಡುವುದು, ಒಣಹಾಕುವುದು, ಮಳೆ ಬಂದರೆ ಓಡಿ ಎಳೆಯುವುದು, ಮಡಿಸುವುದು, ಪುಡಿ ಮುಗಿದದ್ದು ನೆನಪಿಡುವುದು ಮನುಷ್ಯರದ್ದೇ, ಮತ್ತು ಬಹುಪಾಲು ಹೆಂಗಸರದ್ದೇ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಶೇ. 81, ಗಂಡಸರು ಶೇ. 26. ಮಾಡುವವರಲ್ಲೂ ದಿನಕ್ಕೆ ಆಕೆಯದ್ದು ಸರಾಸರಿ 299 ನಿಮಿಷ, ಆತನದ್ದು 97. ಗೃಹಯಂತ್ರಗಳು ಅಮೆರಿಕದ ತಾಯಂದಿರ ದುಡಿಮೆಯನ್ನು ತಗ್ಗಿಸಲಿಲ್ಲ ಎಂದು ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲೇ ಬರೆದಿದ್ದರು. ಒಗೆಯುವುದು ಸುಲಭವಾದಷ್ಟೂ ಒಗೆಯಬೇಕಾದ ಬಟ್ಟೆ ಹೆಚ್ಚಿತು.

ಮುಂಬಯಿಯಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ಇಲ್ಲಿ 'ಬಾಯಿ' ಎಂದು ಕರೆಯುವ ಮನೆಗೆಲಸದಾಕೆಯ ಸಂಬಳ ಕೆಲಸಕ್ಕಿಷ್ಟು ಎಂಬ ಲೆಕ್ಕದ್ದು: ಝಾಡೂ-ಪೋಛಾ ಬೇರೆ, ಪಾತ್ರೆ ಬೇರೆ, ಬಟ್ಟೆ ಬೇರೆ. ಮೆಷಿನ್ ಬಂದರೆ ಮೊದಲು ಕತ್ತರಿ ಬೀಳುವುದು ಬಟ್ಟೆಯ ದುಡ್ಡಿಗೆ. ಒಣಹಾಕಿ ಹೋಗು ಎಂಬ ಮಾತು ಮಾತ್ರ ಉಳಿಯುತ್ತದೆ. ಗಂಡಸರ ವಿಷಯಕ್ಕೆ ಬಂದರೆ, ಉಡುಪಿ ಹೋಟೆಲುಗಳಲ್ಲಿ ಮುಸುರೆ ತಿಕ್ಕಿ, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಕರಾವಳಿಯವರ ತಲೆಮಾರುಗಳೇ ಈ ನಗರದಲ್ಲಿವೆ. ಹೋಟೆಲಿನಲ್ಲಿ ಪಳಗಿದ ಆ ಕೈ ಮನೆಯ ಸಿಂಕಿನ ಕಡೆ ಹೊರಳಿದ್ದು ಕಡಿಮೆ. 2015ರಲ್ಲಿ ಏರಿಯಲ್ ಡಿಟರ್ಜೆಂಟಿನ ಕಂಪನಿ 'ಶೇರ್ ದ ಲೋಡ್' ಎಂಬ ಜಾಹೀರಾತು ಸರಣಿ ಶುರುಮಾಡಿತು. ಪುಡಿ ಮಾರುವ ಉದ್ದೇಶ ಅದಕ್ಕಿದ್ದರೂ, ಬಟ್ಟೆ ಒಗೆಯುವುದು ಹೆಂಗಸರ ಕೆಲಸ ಮಾತ್ರವೇ ಎಂದು ಟೀವಿಯಲ್ಲಿ ಕೇಳಿದ್ದು ಸಣ್ಣ ಮಾತಲ್ಲ.

ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಲೋಕಲ್ ಹಿಡಿಯುವ ದಂಪತಿಗೆ ಸದ್ಯಕ್ಕೆ ದಕ್ಕುವ ಉಪಾಯ ತಡವಾಗಿ ಶುರುವಾಗುವ ಟೈಮರ್. ರಾತ್ರಿ ತುಂಬಿಸಿದವರು ಒಬ್ಬರು, ಬೆಳಿಗ್ಗೆ ಒಣಹಾಕುವವರು ಇನ್ನೊಬ್ಬರು ಎಂದು ಮೊದಲೇ ಗೊತ್ತುಮಾಡಿಕೊಂಡರೆ ಜಗಳ ಕಡಿಮೆ. ಮಡಿಸುವ ಯಂತ್ರಕ್ಕಾಗಿ ಕಾಯುವುದು ಬೇಡ. ಬಟ್ಟೆಗೆ ನಿಶ್ಚಿತ ಆಕಾರವಿಲ್ಲದ್ದರಿಂದ ತೋಳು ಯಾವುದು, ಕಾಲರ್ ಯಾವುದು ಎಂದು ಗುರುತಿಸುವುದೇ ರೋಬೋಟಿಗೆ ಕಷ್ಟ. ಲಾಂಡ್ರಾಯ್ಡ್ ಎಂಬ ಮಡಿಸುವ ಯಂತ್ರವನ್ನು ರೂಪಿಸುತ್ತಿದ್ದ ಜಪಾನಿನ ಸೆವೆನ್ ಡ್ರೀಮರ್ಸ್ ಕಂಪನಿ 2019ರಲ್ಲಿ ದಿವಾಳಿಯಾಯಿತು. ಅದರ ಮೆಷಿನ್ ಒಂದು ಟೀ ಶರ್ಟ್ ಮಡಿಸಲು ಹಲವು ನಿಮಿಷ ತೆಗೆದುಕೊಳ್ಳುತ್ತಿತ್ತು. ಶಾಲೆಗೆ ಹೋಗುವ ಮಗ ಮನಸ್ಸು ಮಾಡಿದರೆ ಅಷ್ಟರಲ್ಲಿ ಇಡೀ ಮನೆಯ ಬಟ್ಟೆ ಮಡಿಸಿಯಾನು.